ಬೋಳಾದ ಬೇಲಿ

ಗಲಾಟೆ ಮಾಡಬೇಡಿ ಮಕ್ಕಳಾ, ಕೇಳಿ. ತಣ್ಣನೆಯ ಬೆಟ್ಟದ ಮೇಲೆ ಒಂದು ರಾಜ್ಯವಿತ್ತು. ಅಲ್ಲಿನ ರಾಜನ ತೋಟಕ್ಕೆ ಸೂಜಿಯಂಥ ಎಲೆಯ ಗಿಡಗಳ ಬೇಲಿ. ಆಳಿಗಿಂತ ಎತ್ತರ, ವರ್ಷವೆಲ್ಲ ಹಸಿರು. ಅದನ್ನು ನೋಡಿಕೊಳ್ಳುತ್ತಿದ್ದವಳು ಹೊಂಬಾಳಮ್ಮ. ಬೇಲಿಯ ಪಕ್ಕದ ಗುಡಿಸಲೇ ಅವಳ ಮನೆ.

ಒಂದು ಸಲ ಬಯಲುಸೀಮೆಯಿಂದ ಚೆಲುವರಾಯ ಎಂಬ ಹೊಸ ಮೇಸ್ತ್ರಿ ತೋಟದ ಕೆಲಸಕ್ಕೆ ಬಂದ. ಹುಟ್ಟಿದಾಗಿನಿಂದ ಮದರಂಗಿ ಬೇಲಿ ಕತ್ತರಿಸಿದವನು. ಮದರಂಗಿಯನ್ನು ಎಷ್ಟು ಬೋಳಿಸಿದರೂ ಮತ್ತೆ ಚಿಗುರುತ್ತದೆ. ಎಲ್ಲ ಗಿಡವೂ ಹಾಗೇ ಅಂದುಕೊಂಡ, ಪುಣ್ಯಾತ್ಮ!

ಮೊದಲ ಸಲ ಕೊಂಬೆಗಳ ತುದಿ ಕತ್ತರಿಸಿದ. ರಾಜ "ಭೇಷ್" ಅಂದ. ಎರಡನೇ ಸಲ ಇನ್ನಷ್ಟು ಒಳಕ್ಕೆ ಕತ್ತರಿಸಿದ. ರಾಜ "ಭೇಷ್, ಭೇಷ್" ಅಂದ. ಹೊಗಳಿಕೆ ತಲೆಗೇರಿತು.

ಮೂರನೇ ಸಲ ಕತ್ತರಿ ಎತ್ತಿದಾಗ ಹೊಂಬಾಳಮ್ಮ ಅಡ್ಡ ನಿಂತಳು. "ಬೇಡ ಕಣಪ್ಪ. ಇದರ ಹಸಿರೆಲ್ಲ ಹೊರಗೇ ಇರೋದು. ಒಳಗಿನ ಕಂದು ಕಡ್ಡಿವರೆಗೂ ಕತ್ತರಿಸಿದರೆ ಮತ್ತೆ ಚಿಗುರಲ್ಲ."

"ನಂಗೇ ಹೇಳಿಕೊಡೋಕೆ ಬಂದ್ಯಾ? ಹೋಗ್ ಹೋಗು!" ಅಂದವನೇ ಕೈಗೆಟುಕಿದಷ್ಟನ್ನೂ ಒಂದೇ ಬೆಳಗ್ಗೆ ಬೋಳಿಸಿಬಿಟ್ಟ.

ಒಂದು ತಿಂಗಳಾಯಿತು, ಚಿಗುರಿಲ್ಲ. ಎರಡಾಯಿತು, ಇಲ್ಲ. ಮೂರಾಯಿತು. ಬೇಲಿ ಹಳೇ ಪೊರಕೆಯ ಹಾಗೆ ನಿಂತಿತ್ತು. ರಾಜ ಕೆಂಡವಾದ. ಚೆಲುವರಾಯ ಕೈಮುಗಿದು, "ಪ್ರಭು, ಈ ಹೆಂಗಸು ನೀರೇ ಹಾಕಿಲ್ಲ" ಅಂದ. ಎಂಥಾ ನಾಲಗೆ ನೋಡಿ!

"ನಾಳೆಯೇ ಗುಡಿಸಲು ಖಾಲಿ ಮಾಡು" ಅಂದ ರಾಜ.

ಹೊಂಬಾಳಮ್ಮ ಬೇಲಿಯತ್ತ ಕೈ ತೋರಿಸಿದಳು. "ಹೋಗ್ತೀನಿ ಬುದ್ಧಿ. ಒಂದೇ ಮಾತು. ದಾರ ಹಿಡಿದ ಹಾಗೆ ಇಷ್ಟು ನೇರವಾಗಿ ಕತ್ತರಿಸಿದ ಕೈ ಯಾರದು?"

ಚೆಲುವರಾಯ ಎದೆಯುಬ್ಬಿಸಿದ. "ನಂದೇ! ಬೇರೆಯವರಿಗೆ ಕತ್ತರಿ ಮುಟ್ಟೋಕೂ ಬಿಟ್ಟಿಲ್ಲ. ಕೈ ಎಟುಕಿದಷ್ಟೂ ನನ್ನದೇ ಕೆಲಸ."

"ಎಟುಕದ ಕಡೆ ನೋಡಿ ಬುದ್ಧಿ."

ರಾಜ ತಲೆಯೆತ್ತಿದ. ಬೇಲಿಯ ನೆತ್ತಿ ಹಸಿರಾಗಿತ್ತು.

"ನೀರು ಬುಡದಿಂದ ತಾನೇ ಮೇಲೆ ಹತ್ತೋದು? ನಾನು ಹಾಕದೇ ಇದ್ದಿದ್ದರೆ ಆ ನೆತ್ತಿ ಒಣಗಬೇಕಿತ್ತು. ಒಣಗಿರೋದು ಇವನ ಕೈ ಎಟುಕಿದ ಕಡೆ ಮಾತ್ರ."

ಚೆಲುವರಾಯ ತಲೆ ತಗ್ಗಿಸಿದ. ರಾಜನಿಗೂ ನಾಚಿಕೆಯಾಯಿತು. ಭೇಷ್ ಅಂದವನು ಅವನೇ ತಾನೇ?

"ಗುಡಿಸಲು ನಿನ್ನದೇ ಕಣಮ್ಮ. ಇದನ್ನ ಸರಿಮಾಡೋದು ಹೇಗೆ?"

"ಕತ್ತರಿ ಎತ್ತಿಡಬೇಕು. ನೆತ್ತಿಯ ಹಸಿರು ಕೊಂಬೆ ಬಾಗಿಸಿ, ಬೋಳು ಜಾಗದ ಮೇಲೆ ಕಟ್ಟಬೇಕು. ಹಾಗೆ ಮುಚ್ಚೋಕಾಗದ ಕಡೆ ಗಿಡ ಕಿತ್ತು ಹೊಸ ಸಸಿ ನೆಡಬೇಕು. ಆಮೇಲೆ ಕಾಯಬೇಕು ಬುದ್ಧಿ."

ರಾಜ ಆ ಕೆಲಸಕ್ಕೆ ಚೆಲುವರಾಯನನ್ನೇ ಹಚ್ಚಿದ, ಹೊಂಬಾಳಮ್ಮನ ಕೈಕೆಳಗೆ. ಒಂದು ಬೆಳಗ್ಗೆ ಕೆಡಿಸಿದ್ದನ್ನು ಆಸಾಮಿ ಆರು ವರ್ಷ ಕಟ್ಟಿದ.

ಇಷ್ಟೇ ಮಕ್ಕಳಾ. ಗುಣ ಗೊತ್ತಿಲ್ಲದ್ದಕ್ಕೆ ಕತ್ತರಿ ಹಾಕಬೇಡಿ. ಹಾಕಿ ಕೆಡಿಸಿದರೆ "ನಾನೇ" ಅಂತ ಒಪ್ಪಿಕೊಳ್ಳಿ, ಇನ್ನೊಬ್ಬರ ತಲೆಗೆ ಕಟ್ಟಬೇಡಿ.