ಮೂರೇ ಗಂಟೆಯ ದಾರಿ

"ಗುರುಗಳೇ, ತಪ್ಪು ಮಾಡಿದವನು ಕ್ಷಮೆ ಕೇಳಲು ಸರಿಯಾದ ಹೊತ್ತು ಯಾವುದು?" ಎಂದು ಶಿಷ್ಯ ಕೇಳಿದ. ಹಿಂದಿನ ದಿನ ಅವನು ಜೊತೆಗಾರ ನಾಗಲಿಂಗನನ್ನು ನಾಲ್ಕು ಜನರ ಮುಂದೆ ಹೀನಾಯವಾಗಿ ಬೈದಿದ್ದ. ಗೋಡೆಯಾಚೆ ಅಡುಗೆಮನೆಯಲ್ಲಿ ನಾಗಲಿಂಗ ಕಾಯಿ ತುರಿಯುತ್ತಿದ್ದ. ಗುರುಗಳು ಕತೆ ಆರಂಭಿಸಿದರು.

ಬೆಂಗಳೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಅಣ್ಣ ದೂರದ ಗುವಾಹಟಿಯಲ್ಲಿ ನೆಲೆಸಿದ್ದ. ಒಂದು ಮದುವೆಯ ಪಂಕ್ತಿಯಲ್ಲಿ ವ್ಯಾಪಾರಿ ಅಣ್ಣನಿಗೆ ಬಾಯಿಗೆ ಬಂದದ್ದನ್ನು ಅಂದ. ಅಣ್ಣ ಅರ್ಧ ಊಟಕ್ಕೇ ಎದ್ದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಕೋಪ ಇಳಿದ ಮೇಲೆ ವ್ಯಾಪಾರಿಗೆ ಸಂಕಟವಾಯಿತು. ಅಣ್ಣನಿಗೆ ವಯಸ್ಸಾಗಿತ್ತು. ಅವನು ಇರುವಾಗಲೇ ಕಾಲು ಹಿಡಿದು ತಪ್ಪಾಯಿತು ಎನ್ನಬೇಕು. ದಾರಿ ವಿಚಾರಿಸಿದ. ಗುವಾಹಟಿಯ ವಿಮಾನ ನಿಲ್ದಾಣ ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ, ಆದರೆ ಹಾರಾಟ ಮೂರೇ ಗಂಟೆ ಎಂದರು. ವ್ಯಾಪಾರಿಯ ಮನಸ್ಸು ಹಗುರವಾಯಿತು. ಬರುತ್ತೇನೆಂದು ಅಣ್ಣನಿಗೆ ಫೋನೂ ಮಾಡಿದ.

ಜೋಯಿಸರು, ಪ್ರಯಾಣಕ್ಕೆ ಈ ದಿನ ಬಿಟ್ಟರೆ ಸದ್ಯಕ್ಕೆ ಒಳ್ಳೆಯ ದಿನವಿಲ್ಲ ಎಂದರು. ಆ ದಿನದ ಟಿಕೆಟ್ ಸಿಗಲಿಲ್ಲ. ಇಂಥದ್ದಕ್ಕೆಂದೇ ಹಿರಿಯರು ಪರಸ್ಥಾನ ಇಡುವ ಪದ್ಧತಿ ಮಾಡಿದ್ದಾರೆ. ಒಳ್ಳೆಯ ಗಳಿಗೆಯಲ್ಲಿ ಪೆಟ್ಟಿಗೆಯನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಹೊರಟ ಹಾಗೆಯೇ ಲೆಕ್ಕ. ವ್ಯಾಪಾರಿ ಅಣ್ಣನಿಗೊಂದು ರೇಷ್ಮೆ ಪಂಚೆ ಕೊಂಡು ಪೆಟ್ಟಿಗೆಯಲ್ಲಿಟ್ಟ, ಅದನ್ನು ಪಕ್ಕದ ಮನೆಯಲ್ಲಿಟ್ಟ, ತನ್ನ ಮನೆಗೆ ಬಂದು ಊಟ ಮಾಡಿ ಮಲಗಿದ.

ಆಮೇಲೆ ಅವಸರವೇನಿತ್ತು? ಹೊರಟಾಗಿತ್ತು. ಉಳಿದದ್ದು ಮೂರು ಗಂಟೆ. ದೀಪಾವಳಿ ವ್ಯಾಪಾರ ಮುಗಿಯಲಿ ಎಂದ. ಮದುವೆ ಕಾಲ ಕಳೆಯಲಿ ಎಂದ. ಅಣ್ಣ ಫೋನ್ ಮಾಡಿದಾಗಲೆಲ್ಲ, "ಹೊರಟಿದ್ದೇನೆ ಅಣ್ಣ" ಎನ್ನುತ್ತಿದ್ದ. ಅದು ಸುಳ್ಳೆಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಪಕ್ಕದ ಮನೆಯಾಕೆ ಆ ಪೆಟ್ಟಿಗೆಯ ಮೇಲೆ ಹಪ್ಪಳ ಒಣಗಿಸತೊಡಗಿದಳು. ಹೀಗೆ ಮೂರು ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಬಾಗಿಲಲ್ಲಿ ಅಣ್ಣ ನಿಂತಿದ್ದ. ಅವನಿಗೆ ವಿಮಾನವೆಂದರೆ ಭಯ. ಊದಿದ ಕಾಲು ಹೊತ್ತುಕೊಂಡು ರೈಲಿನಲ್ಲಿ ಬಂದಿದ್ದ.

ವ್ಯಾಪಾರಿ ಗಾಬರಿಯಾಗಿ, "ರೈಲಿನಲ್ಲಿ ಯಾಕೆ ಬಂದೆ ಅಣ್ಣ? ಮೂರು ದಿನ ಹಾಳು. ವಿಮಾನದಲ್ಲಾದರೆ ಮೂರೇ ಗಂಟೆ" ಎಂದ.

"ಹೌದಪ್ಪ. ಅದನ್ನೇ ನಂಬಿಕೊಂಡು ಮೂರು ವರ್ಷ ಬಾಗಿಲು ನೋಡುತ್ತ ಕೂತಿದ್ದೆ" ಎಂದ ಅಣ್ಣ.

ವ್ಯಾಪಾರಿ ಅಲ್ಲೇ ಹೊಸ್ತಿಲಲ್ಲಿ ಅಣ್ಣನ ಕಾಲು ಹಿಡಿದು ಅತ್ತ. ಸದ್ದು ಕೇಳಿ ಪಕ್ಕದ ಮನೆಯಾಕೆ ಹಪ್ಪಳ ಎತ್ತಿಟ್ಟು ಪೆಟ್ಟಿಗೆ ತಂದುಕೊಟ್ಟಳು. ಪಂಚೆಗೆ ನುಸಿ ಹಿಡಿದಿತ್ತು. ಅಣ್ಣ ಅದನ್ನೇ ಉಟ್ಟುಕೊಂಡು ಊಟಕ್ಕೆ ಕೂತ.

ಕತೆ ಕೇಳಿ ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು, "ನನಗೂ ಅರ್ಥವಾಯಿತು, ಗುರುಗಳೇ. ನಾಗಲಿಂಗನ ಹತ್ತಿರ ಈ ವಾರದಲ್ಲೇ ಮಾತಾಡುತ್ತೇನೆ" ಎಂದ.

ಗೋಡೆಯಾಚೆ ಕಾಯಿ ತುರಿಯುವ ಸದ್ದು ನಿಂತಿತು.

ಗುರುಗಳು ಹೇಳಿದರು: "ಇಲ್ಲಿಂದ ಅಡುಗೆಮನೆಗೆ ವಿಮಾನವಿಲ್ಲ ಮಗು, ನಡೆದೇ ಹೋಗಬೇಕು."