ತಪಸ್ಸುಕಾಲದ ಜೋಡಿ ಗಂಟೆ

ಪೂಜ್ಯ ಚೌರಿನಾಥ ಸ್ವಾಮಿಗಳು ನೆಲ್ಲಿಪಾಳ್ಯದ ದೇವಾಲಯಕ್ಕೆ ಗುರುಗಳಾಗಿದ್ದ ಕಾಲದ ಮಾತಿದು. ಅವರ ವಾಸಕ್ಕೆ ಒಂದು ಹೆಂಚಿನ ಕೋಣೆ, ಊಟಕ್ಕೆ ಮುದ್ದೆ, ಹುರುಳಿ ಸಾರು. ತಪಸ್ಸುಕಾಲ ಬಂತೆಂದರೆ ಆ ಸಾರಿಗೂ ಒಗ್ಗರಣೆ ಇರುತ್ತಿರಲಿಲ್ಲ. ಯೇಸು ಸಾವಿನಿಂದ ಎದ್ದ ಪಾಸ್ಕ ಹಬ್ಬಕ್ಕೆ ಮುಂಚಿನ ಆ ಉಪವಾಸದ ದಿನಗಳಲ್ಲಿ ಊರೂ ಸದ್ದಡಗಿ ಕೂರುತ್ತಿತ್ತು. ಮದುವೆಯಿಲ್ಲ, ವಾದ್ಯವಿಲ್ಲ, ಜೋಡಿ ಗಂಟೆಯಂತೂ ಇಲ್ಲವೇ ಇಲ್ಲ.

ಗಂಟೆಯ ವಿಷಯ ಸ್ವಲ್ಪ ಹೇಳಲೇಬೇಕು. ದೇವಾಲಯದ ಗೋಪುರದಲ್ಲಿ ಎರಡು ಗಂಟೆಗಳಿದ್ದವು. ದೊಡ್ಡದೊಂದನ್ನೇ ತಡೆತಡೆದು ಹೊಡೆದರೆ ಸಾವು. ಎರಡನ್ನೂ ಕೂಡಿಸಿ ಬಿಡದೆ ಬಾರಿಸಿದರೆ ಹಬ್ಬ. ಸಾವಿನ ಗಂಟೆ ಕೇಳಿದವರು ಗೋಪುರದ ಬುಡಕ್ಕೆ ಬಂದು "ಯಾರಿಗೆ?" ಎಂದು ಕೂಗುವುದು, ಮೇಲಿನಿಂದ ಹೆಸರು ಹೇಳುವುದು ಅಲ್ಲಿಯ ರೂಢಿ. ಗಂಟೆ ಬಾರಿಸುತ್ತಿದ್ದ ಇನ್ನಾಸಪ್ಪನಿಗೆ ಪದ್ಧತಿ ಎಂದರೆ ಪ್ರಾಣ. ದೇವಾಲಯದಲ್ಲಿ ಹಾಡುತ್ತಿದ್ದ ಅವನ ಒಬ್ಬಳೇ ಮಗಳು ಲೂರ್ದಮ್ಮ ನಾಟಕ ಕಂಪನಿಯ ಹಿಂದೆ ಹೊರಟುಹೋದ ದಿನ ಅವನು ಗೋಪುರ ಹತ್ತಿ ಸಾವಿನ ಗಂಟೆ ಹೊಡೆದಿದ್ದ. "ಯಾರಿಗೆ?" ಎಂದವರಿಗೆ "ನನ್ನ ಮಗಳಿಗೆ" ಎಂದಿದ್ದ. ಸ್ವಾಮಿಗಳು ಅಂದು ಮೃತರ ಪ್ರಾರ್ಥನೆ ಹೇಳಲು ಒಪ್ಪಲಿಲ್ಲ. ಏಕೆಂದೂ ಹೇಳಲಿಲ್ಲ. ಅಂದಿನಿಂದ ರಸ್ತೆ ಕಾಣುವ ಜಗಲಿಯಲ್ಲೇ ಕುಳಿತು ಜಪಮಾಲೆ ಹೇಳತೊಡಗಿದರು.

ಹೀಗೆ ವರ್ಷಗಳು ಕಳೆದ ಮೇಲೆ, ತಪಸ್ಸುಕಾಲದ ಒಂದು ಮಧ್ಯಾಹ್ನ, ಸ್ವಾಮಿಗಳು ಆ ಜಗಲಿಯ ಮೇಲೆ ಮೊರ ಹಿಡಿದು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಇನ್ನಾಸಪ್ಪ ಪಕ್ಕದಲ್ಲಿ ಕುಳಿತು ದೀಪದ ಗಾಜು ಒರೆಸುತ್ತಿದ್ದ. ಇದ್ದಕ್ಕಿದ್ದಂತೆ ಮೊರ ಕೆಳಗೆ ಬಿತ್ತು, ಹುರುಳಿಯೆಲ್ಲ ಚೆಲ್ಲಾಪಿಲ್ಲಿ. ಮಂಡಿನೋವಿನಿಂದ ಮೆಟ್ಟಿಲಿಳಿಯಲೂ ಗೋಡೆ ಹಿಡಿಯುತ್ತಿದ್ದ ಸ್ವಾಮಿಗಳು ನಿಲುವಂಗಿ ಎತ್ತಿ ಹಿಡಿದು ಬರಿಗಾಲಲ್ಲಿ ರಸ್ತೆಗೆ ಓಡುತ್ತಿದ್ದಾರೆ! ಅಲ್ಲಿ ಶಿಲುಬೆಕಂಬದ ಬಳಿ ಬಟ್ಟೆಗಂಟು ಹಿಡಿದು ಒಬ್ಬ ಹೆಂಗಸು ನಿಂತಿದ್ದಳು, ಮುಂದೆ ಬರಲೂ ಆಗದೆ, ಹಿಂದೆ ಹೋಗಲೂ ಆಗದೆ. ಇನ್ನಾಸಪ್ಪನಿಗೆ ಗುರುತು ಹತ್ತಿತು. ಆದರೂ ಕೂತಲ್ಲಿಂದ ಏಳಲಿಲ್ಲ.

ಸ್ವಾಮಿಗಳು ಅವಳ ಗಂಟನ್ನು ತಮ್ಮ ಹೆಗಲಿಗೇರಿಸಿಕೊಂಡು ಏದುಸಿರು ಬಿಡುತ್ತ ಬಂದರು.

"ಇನ್ನಾಸಪ್ಪ, ಏಳು. ಜೋಡಿ ಗಂಟೆ ಬಾರಿಸು."

"ತಪಸ್ಸುಕಾಲ್ದಾಗೆ ಜೋಡಿ ಗಂಟೆನಾ ಸ್ವಾಮೇರೆ? ಪದ್ಧತಿ ಇಲ್ಲ." ಅವನು ಗಾಜಿನಿಂದ ಕಣ್ಣೆತ್ತಲಿಲ್ಲ. "ನನ್ ಪಾಲಿಗೆ ಇವಳು ಸತ್ತೋದ್ಲು. ಊರ್ಗೆಲ್ಲ ಗೊತ್ತು."

"ಇರಕ್ಕೆ ಬಂದಿಲ್ಲ ಕಣಪ್ಪ," ಎಂದಳು ಲೂರ್ದಮ್ಮ. "ಒಂದ್ಸಲ ನಿನ್ ಮೊಖ ನೋಡ್ಕಂಡು ಹೋಗಾನ ಅಂತ ಬಂದೆ."

ಸ್ವಾಮಿಗಳು ಗದರಲಿಲ್ಲ. ಕಣ್ಣಲ್ಲಿ ನೀರು, ಮುಖದ ತುಂಬ ನಗು. "ಕಳೆದುಕೊಂಡವನು ನೀನೊಬ್ಬನೇ ಅಂದುಕೊಂಡೆಯಾ? ದೇವರೂ ಕಳೆದುಕೊಂಡಿದ್ದರು. ಅವರ ಮಗಳು ಅವರಿಗೆ ಸಿಕ್ಕಿದ್ದಾಳೆ. ಅವರ ಮನೆಯಲ್ಲಿ ಆಗಲೇ ಹಬ್ಬ ಶುರುವಾಯಿತು. ನೀನು ಬಾರಿಸದಿದ್ದರೆ ಗೋಪುರದ ಬೀಗದಕೈ ಕೊಡು, ನಾನೇ ಹತ್ತುತ್ತೇನೆ."

ಕೈ ಚಾಚಿ ನಿಂತೇಬಿಟ್ಟರು. ಇನ್ನಾಸಪ್ಪ ತಲೆ ತಗ್ಗಿಸಿದಾಗ ಅವರ ಪಾದ ಕಣ್ಣಿಗೆ ಬಿತ್ತು. ರಸ್ತೆಯ ಜಲ್ಲಿಕಲ್ಲಿಗೆ ಹೆಬ್ಬೆರಳು ಒಡೆದು ರಕ್ತ ಸುರಿಯುತ್ತಿತ್ತು. ಸ್ವಾಮಿಗಳಿಗೆ ಅದರ ಪರಿವೆಯೇ ಇರಲಿಲ್ಲ. ಹೆತ್ತ ತಾನು ಓಡಬೇಕಿತ್ತು, ಓಡಿದವರು ಇವರು! ನಾಚಿಕೆಯೋ ದುಃಖವೋ, ಇಷ್ಟು ವರ್ಷ ಅದುಮಿಟ್ಟಿದ್ದ ಮಮತೆಯೋ, ಎಲ್ಲ ಒಟ್ಟಿಗೆ ಉಕ್ಕಿತು. ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ.

"ಬಿಡಿ ಸ್ವಾಮೇರೆ. ಆ ಕಾಲಲ್ಲಿ ನಿಮ್ ಕೈಲಾಗಲ್ಲ," ಎಂದವನೇ ಎದ್ದು ಗೋಪುರದ ಕಡೆಗೆ ಓಡಿದ.

ಜೋಡಿ ಗಂಟೆ ಮೊಳಗಿತು. ಊರಿಗೆ ಊರೇ ಬೆಚ್ಚಿತು. ಹಿಪ್ಪುನೇರಳೆ ತೋಟದಲ್ಲಿದ್ದವರು ಸೊಪ್ಪಿನ ಹೊರೆ ಅಲ್ಲೇ ಬಿಟ್ಟು ಓಡಿಬಂದರು. ಆರೋಗ್ಯಮ್ಮಜ್ಜಿಯಂತೂ ತನಗೇ ದಿನ ತಪ್ಪಿಹೋಯಿತೆಂದು ಗಾಬರಿಯಾಗಿ, ಪಾಸ್ಕಕ್ಕೆಂದು ಎತ್ತಿಟ್ಟಿದ್ದ ಹೊಸ ಸೀರೆಯನ್ನು ಅಡ್ಡಾದಿಡ್ಡಿ ಸುತ್ತಿಕೊಂಡು ಬಂದಳು.

"ಪಾಸ್ಕ ಇವತ್ತಾ ಸ್ವಾಮೇರೆ? ನಂಗ್ಯಾರೂ ಹೇಳ್ನೇ ಇಲ್ವಲ್ಲ."

"ಇವತ್ತೇ ತಾಯಿ," ಎಂದರು ಸ್ವಾಮಿಗಳು.

ಅಜ್ಜಿಗೆ ಸಮಾಧಾನವಾಗಲಿಲ್ಲ. ಗೋಪುರದ ಬುಡಕ್ಕೆ ಹೋಗಿ ಕತ್ತೆತ್ತಿ, ಸಾವಿಗೆ ಕೇಳುವ ಹಾಗೆಯೇ, "ಯಾರಿಗಪ್ಪಾ?" ಎಂದು ಕೂಗಿದಳು.

ಗಂಟೆಯ ಸದ್ದಿನ ನಡುವೆ ಮೇಲಿನಿಂದ ಇನ್ನಾಸಪ್ಪನ ದನಿ ಒಡೆದು ಬಂತು.

"ನನ್ನ ಮಗಳಿಗೆ!"

ಆ ಸಂಜೆ ಚೆಲ್ಲಿದ ಹುರುಳಿಯನ್ನು ಬಳಿದು ಆರಿಸಿ ಸಾರಿಗಿಟ್ಟವಳು ಲೂರ್ದಮ್ಮ. ಮೂವರೂ ಜಗಲಿಯ ಮೇಲೆ ಉಂಡರು. ಸಾರಿಗೆ ಒಗ್ಗರಣೆ ಹಾಕಿದವನು ಮಾತ್ರ, ಯಾರ ಅಪ್ಪಣೆಯನ್ನೂ ಕೇಳದೆ, ಇನ್ನಾಸಪ್ಪನೇ.