ಬೈಗುಳದ ಬಾವಿ

ಏಳು ಗುಡ್ಡ ದಾಟಿ, ಎಂಟನೇದು ಹತ್ತಲಾರದೆ ಜನ ಉಸ್ಸಪ್ಪಾ ಅಂತ ಕೂತುಬಿಟ್ಟ ಜಾಗದಲ್ಲಿ ಒಂದು ರಾಜ್ಯ ಇತ್ತು. ಹೆಬ್ಬಂಡೆ ಅಂತ ಅದರ ಹೆಸರು. ಅಲ್ಲಿ ಬಂಡೆಗೆ ಬರವಿಲ್ಲ, ನೀರಿಗೇ ಬರ. ರಾಜನೂ ಒಬ್ಬನಿದ್ದ. ತೀರ ಕೆಟ್ಟವನಲ್ಲ, ತೀರ ಬುದ್ಧಿವಂತನೂ ಅಲ್ಲ. ರಾಜರು ಸಾಮಾನ್ಯವಾಗಿ ಇರುವ ಹಾಗೇ ಇದ್ದ.

ಆ ಊರಿನ ಕೊನೇ ಓಣಿಯಲ್ಲಿ ನಾಲ್ಕೇ ಮನೆ, ನಾಲ್ಕಕ್ಕೂ ಸೇರಿ ಒಂದೇ ಬಾವಿ. ಬಾವಿಗೊಂದು ಏತ. ಕಂಬದ ಮೇಲೆ ತಕ್ಕಡಿಯ ಹಾಗೆ ಕೂರಿಸಿದ ಉದ್ದನೆಯ ಮರ, ಅದರ ಒಂದು ತುದಿಗೆ ನೀರೆತ್ತುವ ಬಾನಿ. ಮರದ ಮೇಲೆ ಆ ಕಡೆ ನಡೆದರೆ ಬಾನಿ ಮೇಲಕ್ಕೆ, ಈ ಕಡೆ ನಡೆದರೆ ಕೆಳಕ್ಕೆ. ನಡೆಯೋಕೆ ಮೂವರು, ಬಾನಿ ಹಿಡಿದು ಸುರಿಯೋಕೆ ಒಬ್ಬರು. ಅಲ್ಲೊಂದು ಪದ್ಧತಿ: ಏತ ತುಳಿಯುವವರು ಬೈಕೊಂಡೇ ತುಳಿಯಬೇಕು. ಒಂದು ಹೆಜ್ಜೆಗೆ ಬಿಸಿಲಿಗೆ ಬೈಗುಳ, ಒಂದು ಹೆಜ್ಜೆಗೆ ಅತ್ತೆಗೆ, ಒಂದು ಹೆಜ್ಜೆಗೆ ರಾಜನಿಗೆ. ಬೈದರೆ ದಣಿವು ಗೊತ್ತಾಗೋದಿಲ್ಲ ಅಂತ ಹಿರಿಯರು ಮಾಡಿಟ್ಟ ಉಪಾಯ.

ಬಾನಿ ಸುರಿಯುವವಳು ಗಿರಿಯವ್ವ. ಗಂಡ ರಾಜನ ನಿಶಾನೆ ಹಿಡಿದು ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಹಾಗಾಗಿ ರಾಜ್ಯಕ್ಕೆ ಯಾರಾದರೂ ಬೈದರೆ ಅವಳಿಗೆ ಗಂಡನ ಸಾವಿಗೇ ಬೈದ ಹಾಗೆ. ಆದರೂ ಬಾವಿಕಟ್ಟೆಯ ಮಾತು ಬಾವಿಕಟ್ಟೆಗೇ ಅಂತ ಸುಮ್ಮನಿದ್ದಳು.

ಹೀಗಿರುವಾಗ ಊರಿಗೊಬ್ಬ ಹೊಸ ಕೊತ್ವಾಲ ಬಂದ, ರುದ್ರೋಜಿ ಅಂತ. ಕೋಟೆ ಬಾಗಿಲಿಗೆ ಒಂದು ಗಂಟೆ ಕಟ್ಟಿಸಿದ. "ನೆರೆಯವರು ರಾಜ್ಯಕ್ಕೆ ಕೇಡು ಬಯಸಿದ್ದು ಕಿವಿಗೆ ಬಿದ್ದರೆ ಗಂಟೆ ಬಾರಿಸಿ. ಅವರನ್ನು ಗಡಿಯ ಹೊಳೆ ದಾಟಿಸ್ತೇವೆ," ಅಂತ ಡಂಗುರ ಹೊಡೆಸಿದ. ಹೊಳೆ ದಾಟಿದವರ ಮನೆ ಯಾರಿಗೆ ಅನ್ನೋದನ್ನು ಮಾತ್ರ ಡಂಗುರದವನು ಹೇಳಲಿಲ್ಲ. ಅದು ಕೊತ್ವಾಲನಿಗೆ.

ಒಂದು ದಿನ ಕುಂಬಾರ ಸಣ್ಣೀರಪ್ಪ ಏತದ ಮೇಲೆ, "ಈ ರಾಜನಿಗೆ ಮಡಕೆಯ ಬಾಯಿ ಯಾವುದು, ಬುಡ ಯಾವುದು ಗೊತ್ತಿಲ್ಲ," ಅಂದ. ಗಿರಿಯವ್ವ ಹೋಗಿ ಗಂಟೆ ಬಾರಿಸಿದಳು. ಗಂಡನ ಮೇಲಿನ ಪ್ರೀತಿಗೆ ಬಾರಿಸಿದಳು. ಸಣ್ಣೀರಪ್ಪ ಹೊಳೆ ದಾಟಿದ.

ಇನ್ನೊಂದು ದಿನ, ಉಳಿದ ಇಬ್ಬರೇ ಹೆಣಗಿ ಏತ ತುಳಿಯುವಾಗ ಸೂಲಗಿತ್ತಿ ಹುಲಿಗೆವ್ವ, "ಯುದ್ಧಕ್ಕೆ ಕರೆದು ನನ್ನ ಮಗನನ್ನು ನುಂಗಿದ ಈ ರಾಜ್ಯ ಮುಳುಗಿಹೋಗಲಿ," ಅಂದಳು. ಗಿರಿಯವ್ವ ಮತ್ತೆ ಬಾರಿಸಿದಳು. ಹಿಂದಿನ ಸಲ ಕೊತ್ವಾಲ ನಾಲ್ಕು ಜನರ ಮುಂದೆ ಶಹಬ್ಬಾಸ್ ಅಂದಿದ್ದ, ಆ ರುಚಿಗೆ ಬಾರಿಸಿದಳು. ಹುಲಿಗೆವ್ವ ಹೊಳೆ ದಾಟಿದಳು.

ಉಳಿದವನು ಕಂಬಳಿ ನೇಯುವ ಈರಗೊಂಡ. ಅವನು ಏತದ ಮೇಲಲ್ಲ, ತನ್ನ ಮಗ್ಗದ ಮುಂದೆ ಕೂತು ಗಿರಿಯವ್ವನಿಗೆ ತಣ್ಣಗೆ ಹೇಳಿದ: "ಆಚೆ ದಡದ ರಾಜನೇ ಬಂದು ಗೆಲ್ಲಲಿ. ಇವನಿಗಿಂತ ಅವನು ಮೇಲು." ಮೂರನೇ ಸಲ ಗಿರಿಯವ್ವ ಭಯಕ್ಕೆ ಬಾರಿಸಿದಳು. ತಾನು ಬಾರಿಸದಿದ್ದರೆ, ಕೇಳಿಯೂ ಸುಮ್ಮನಿದ್ದಳು ಅಂತ ತನ್ನ ಮೇಲೇ ಯಾರಾದರೂ ಬಾರಿಸಿಯಾರು ಅಂತ. ಈರಗೊಂಡನೂ ಹೊಳೆ ದಾಟಿದ. ಬಾರಿಸೋಕೆ ಓಣಿಯಲ್ಲಿ ಇನ್ನಾರೂ ಉಳಿದಿಲ್ಲ ಅನ್ನೋದು ಮನೆಗೆ ಬಂದ ಮೇಲೆ ಹೊಳೆಯಿತು.

ಈಗ ಓಣಿಯಲ್ಲಿ ಅವಳೊಬ್ಬಳೇ. ಏತ ಆಕಾಶ ನೋಡುತ್ತಾ ನಿಂತಿತ್ತು. ಹಗ್ಗಕ್ಕೆ ಚೊಂಬು ಕಟ್ಟಿ ಗುಟುಕು ಗುಟುಕು ನೀರು ಸೇದಿಕೊಂಡಳು. ಸಾರಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಯ್ತು ಅನ್ನೋಕೆ ಒಬ್ಬರಿಲ್ಲ. ಕೆಮ್ಮಿದರೆ ಏನಾಯ್ತೇ ಅನ್ನೋಕೆ ಒಬ್ಬರಿಲ್ಲ. ಸತ್ತರೆ ಹೊರೋಕೆ ನಾಲ್ಕು ಹೆಗಲು ಬೇಕಲ್ಲ, ಆ ನಾಲ್ಕು ಎಲ್ಲಿಂದ ತರೋದು ಅಂತ ಯೋಚಿಸುತ್ತಾ ಕೂರುತ್ತಿದ್ದಳು.

ಇತ್ತ ಕೊತ್ವಾಲ ರಾಜನ ಮುಂದೆ ಕೊಚ್ಚಿಕೊಂಡ: "ನಮ್ಮಲ್ಲೊಂದು ಓಣಿ ಇದೆ ಮಹಾಸ್ವಾಮಿ, ದ್ರೋಹದ ಮಾತು ಒಂದೂ ಕೇಳೋದಿಲ್ಲ." ನೋಡೇಬಿಡೋಣ ಅಂತ ರಾಜ ಮಂತ್ರಿಯನ್ನೂ ಕೊತ್ವಾಲನನ್ನೂ ಕರಕೊಂಡು ಹೊರಟ. ಪರಿವಾರವನ್ನೆಲ್ಲ ಕೋಟೆ ಬಾಗಿಲಲ್ಲೇ ಬಿಟ್ಟು ಮೂವರೂ ಓಣಿಗೆ ಬಂದರು. ನೆತ್ತಿ ಸುಡುವ ಮಧ್ಯಾಹ್ನ.

"ಎಷ್ಟು ಶಾಂತವಾಗಿದೆ," ಅಂದ ರಾಜ.

"ಹೌದು ಬುದ್ಧಿ, ಮಸಣದಷ್ಟು," ಅಂದಳು ಬಾವಿಕಟ್ಟೆಯಲ್ಲಿದ್ದ ಗಿರಿಯವ್ವ.

"ಬಾಯಾರಿದೆ ಅವ್ವ. ನೀರು ಕೊಡು."

"ನೀರು ಬೇಕಾದಷ್ಟಿದೆ ಬುದ್ಧಿ. ಎತ್ತೋಕೆ ಮೂವರು ಬೇಕು. ಇದ್ದ ಮೂವರನ್ನೂ ನಾನು ಹೊಳೆ ದಾಟಿಸಿಬಿಟ್ಟೆ. ನೀವು ಮೂವರಿದ್ದೀರಿ."

ಮಂತ್ರಿ ಕೊತ್ವಾಲನನ್ನು ನೋಡಿದ, ಕೊತ್ವಾಲ ರಾಜನನ್ನು ನೋಡಿದ. ರಾಜನಿಗೆ ದಾಹ. ಮೂವರೂ ಏತ ಹತ್ತಿದರು. ನಡೆದರು, ಜಾರಿದರು, ಮತ್ತೆ ನಡೆದರು. ಬಾನಿ ಅರ್ಧಕ್ಕೆ ಬಂದು ಮತ್ತೆ ಕೆಳಗೆ.

"ಸುಡುಗಾಡು ಸೀಮೆ," ಅಂದ ಮಂತ್ರಿ.

"ಬೆಂಕಿ ಬೀಳಲಿ ಈ ರಾಜ್ಯಕ್ಕೆ. ಒಂದು ಗುಟುಕು ನೀರಿಗೆ ಜೀವ ತಿಂತದೆ," ಅಂದ ಕೊತ್ವಾಲ.

"ಯಾವ ಹಾಳು ರಾಜ ಇಂಥಲ್ಲಿ ಊರು ಕಟ್ಟಿಸಿದನೋ," ಅಂದ ರಾಜ. ಕಟ್ಟಿಸಿದವನು ಅವನ ತಾತ.

ಬಾನಿ ತುಂಬಿ ಮೇಲೆ ಬಂತು. ಗಿರಿಯವ್ವ ನೀರು ಸುರಿದಳು, ಕುಡಿಸಿದಳು, ಸೆರಗು ಸಿಕ್ಕಿಸಿಕೊಂಡು ಹೊರಟಳು.

"ಎಲ್ಲಿಗವ್ವ?"

"ಗಂಟೆ ಬಾರಿಸೋಕೆ ಬುದ್ಧಿ. ಮೂರು ಬಾಯಿಂದ ಮೂರು ಮಾತು ಬಂತಲ್ಲ."

ಕೊತ್ವಾಲ ಏತದಿಂದ ಧುಮುಕಿದ. "ಏ ಮುದುಕಿ, ಅದು ದಣಿವಿನ ಮಾತು."

"ಸಣ್ಣೀರಪ್ಪನದೂ ದಣಿವಿನ ಮಾತೇ, ಹುಲಿಗೆವ್ವನದು ಹೊಟ್ಟೆ ಉರಿದ ಮಾತು. ನಾನು ಹಾಗಂತ ಹೇಳಲಿಲ್ಲ, ನೀವು ಕೇಳಲಿಲ್ಲ. ಮನೆ ಮಾತ್ರ ತಗೊಂಡ್ರಿ."

"ಯಾವ ಮನೆ?" ಅಂದ ರಾಜ. ಕೊತ್ವಾಲ ಕಾಲುಬೆರಳು ನೋಡಿಕೊಂಡ. ರಾಜನಿಗೆ ಉತ್ತರ ಸಿಕ್ಕಿತು. ಆದರೂ ಕೇಳಿದ, "ಕೊತ್ವಾಲ ಹೇಳಿದ ಆ ಈರಗೊಂಡ ಶತ್ರು ಗೆಲ್ಲಲಿ ಅಂದನಂತಲ್ಲ. ಅದೂ ದಣಿವೇ?"

"ಅಲ್ಲ. ಮನಸಾರೆ ಅಂದ. ನನಗೂ ಕರುಳು ಸುಟ್ಟಿತು. ಆದರೆ ಅವನು ಕೋಟೆ ಬಾಗಿಲು ತೆಗೆದನೇ? ಬಾವಿಗೆ ವಿಷ ಹಾಕಿದನೇ? ಹಾಕಿದ್ದರೆ ಗಂಟೆ ತನಕ ಹೋಗದೆ ನಿಂತಲ್ಲೇ ಬೊಬ್ಬೆ ಹೊಡೀತಿದ್ದೆ. ಅವನು ನಿಮಗೆ ಬೈದ, ನನಗೆ ನೀರೆತ್ತಿ ಕೊಟ್ಟ. ಅಷ್ಟೇ ಬುದ್ಧಿ."

ರಾಜ ಏತದಿಂದ ಇಳಿದ. ಆಮೇಲೆ ಗಂಟೆ ಇಳಿಸೋಕೆ ಹೇಳಿದ. "ರುದ್ರೋಜಿ, ನೀನೇ ಹೊಳೆ ದಾಟಿ ಮೂವರನ್ನೂ ಕರಕೊಂಡು ಬಾ, ಮನೆ ಬಿಟ್ಟುಕೊಡು. ಬಾರದವರಿದ್ದರೆ ಅವರ ಬದಲಿಗೆ ಏತ ನೀನು ತುಳಿ," ಅಂದ.

ಸಣ್ಣೀರಪ್ಪ ಬಂದ. ಹುಲಿಗೆವ್ವ ಬಂದಳು. ಈರಗೊಂಡ ಸಿಗಲಿಲ್ಲ, ಆಚೆ ದಡದ ರಾಜನಿಗೂ ಬೈದು ಇನ್ನೆಲ್ಲಿಗೋ ಹೊರಟುಹೋಗಿದ್ದನಂತೆ. ಅವನ ಜಾಗದಲ್ಲಿ ಕೊತ್ವಾಲ ಬೆವರಿಳಿಸುತ್ತಾ ತುಳಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ. ನೀರು ಬಂತು, ಮಾತು ಬರಲಿಲ್ಲ. ಗಿರಿಯವ್ವ ಬಂದರೆ ಏತದ ಮೇಲೆ ಎಲ್ಲರ ಬಾಯಿ ಬಂದ್. "ನಾನು ತಪ್ಪು ಮಾಡಿದೆ," ಅಂದಳು. "ಹೂಂ," ಅಂದರು, ಅಷ್ಟೇ. ಬೇಸಿಗೆ ಹೋಯ್ತು, ಮಳೆಗಾಲ ಹೋಯ್ತು, ಚಳಿಗಾಲವೂ ಹೋಯ್ತು. ಓಣಿ ತುಂಬ ಜನ, ಅವಳು ಒಬ್ಬಳೇ.

ಆಮೇಲೊಂದು ಬೆಳಿಗ್ಗೆ ಹುಲಿಗೆವ್ವ ಏತ ತುಳಿಯುತ್ತಾ, ಯಾರನ್ನೂ ನೋಡದೆ, ಗಿರಿಯವ್ವನ ಕಿವಿಗೆ ಬೀಳುವಷ್ಟು ಜೋರಾಗಿ ಅಂದಳು: "ಉಪ್ಪಿಗೂ ಸುಂಕ ಹಾಕಿದನಂತೆ. ಇವನ ರಾಜ್ಯ ಹಾಳಾಗ."

ಬಾನಿ ಹಿಡಿದಿದ್ದ ಗಿರಿಯವ್ವನ ಕಣ್ಣು ತುಂಬಿ ಬಂತು.

"ಹಾಳಾಗ ಅನ್ನಬೇಡ ಕಣೇ," ಅಂದಳು. "ಅವನ ಸುಂಕ ಹಾಳಾಗಲಿ ಅನ್ನು."

"ನೀನು ಹೇಳಿದ ಹಾಗೆ ಬೈಯಬೇಕೇನೇ ನಾನು?" ಅಂದಳು ಹುಲಿಗೆವ್ವ.

ಅವತ್ತಿಂದ ಆ ಓಣಿಯಲ್ಲಿ ಜಗಳ ನಿಂತಿಲ್ಲ ಅಂತಾರೆ.

ಕೇಳಿಸಿಕೊಂಡವರು ಇಷ್ಟು ನೆನಪಿಟ್ಟುಕೊಳ್ಳಿ. ಕೇಡು ಮಾಡುವ ಕೈ ಕಂಡರೆ ಕೂಗಿ ಹೇಳಿ, ಅದು ನಿಮ್ಮ ಕೆಲಸ. ಬೈಯುವ ಬಾಯಿ ಕಂಡರೆ ಎದುರು ನಿಂತು ಮಾತಾಡಿ, ಅದೂ ನಿಮ್ಮ ಕೆಲಸ. ಎರಡನ್ನೂ ಒಂದೇ ಅಂತ ತಿಳಿದವರಿಗೆ ರಾಜ್ಯವೇನೋ ಉಳಿದೀತು, ನೆರೆಮನೆ ಉಳಿಯೋದಿಲ್ಲ.